ಹಾಡುವ ಹಕ್ಕಿಗೆ ಎಚ್ಚರವಾದಾಗ

ಹಂಗೇರಿಯ ರಾಜಧಾನಿ ಬುಡಾಪೆಸ್ಟಿನಲ್ಲಿ, ಒಬ್ಬ ದರ್ಜಿಯ ಮನೆಯಲ್ಲಿ, ಒಂದು ಗಿಳಿಯಿತ್ತು. ಮನೆಯ ಯಜಮಾನಿತಿ ಅದಕ್ಕೆ ಒಂದೇ ಒಂದು ಮಾತನ್ನು ಕಲಿಸಿದ್ದಳು: “ಸಾಧನೆ ಮಾಡು, ಯಾನಿ!” ಯಾನಿ ಎಂಬುದು ಆಕೆಯ ಕಿರಿಯ ಮಗನ ಮುದ್ದಿನ ಹೆಸರು. ಹುಡುಗನು ಹಸಿವೆಂದು ವಾದ್ಯವನ್ನು ಬದಿಗಿಟ್ಟು ಏಳಬಾರದೆಂದು ಆ ತಾಯಿ ಪುಟ್ಟ ಪುಟ್ಟ ಸ್ಯಾಂಡ್‌ವಿಚ್ಚುಗಳನ್ನು ಮಾಡಿ, ಸ್ವರಪುಸ್ತಕವನ್ನಿಡುವ ನಿಲುವಿನ ಮೇಲೆಯೇ ಇಟ್ಟು ಹೋಗುತ್ತಿದ್ದಳು. ಮಗನನ್ನು ವಿದ್ವಾಂಸನನ್ನಾಗಿ ಮಾಡಿಯೇ ತೀರುವೆನೆಂದು ಹಟ ತೊಟ್ಟ ತಾಯಂದಿರು ಎಲ್ಲ ದೇಶಗಳಲ್ಲಿಯೂ ಉಂಟು. ಆದರೆ ಆ ಕೆಲಸಕ್ಕೆ ಗಿಳಿಯನ್ನೂ ನೇಮಿಸಿಕೊಂಡವಳು ಬಹುಶಃ ಈಕೆಯೊಬ್ಬಳೇ ಇರಬೇಕು.

ಗಿಳಿಯ ಶ್ರಮ ವ್ಯರ್ಥವಾಗಲಿಲ್ಲ. ಆ ಹುಡುಗನೇ ಮುಂದೆ ಇಪ್ಪತ್ತನೆಯ ಶತಮಾನದ ಅತಿ ಶ್ರೇಷ್ಠ ಚೆಲ್ಲೊ ವಾದಕರಲ್ಲಿ ಒಬ್ಬನೆಂದು ಹೆಸರಾದ ಯಾನೋಶ್ ಸ್ಟಾರ್ಕರ್. ಜನನ 1924ರ ಜುಲೈ 5ರಂದು. ಅಣ್ಣಂದಿರಿಬ್ಬರ ಕೈಯಲ್ಲಿಯೂ ಪಿಟೀಲಿತ್ತು. ಮೂರನೆಯವನ ಕೈಗೆ, ಆರು ವರ್ಷ ತುಂಬುವ ಮುನ್ನವೇ, ಚೆಲ್ಲೊ ಬಂದಿತು.

ಚೆಲ್ಲೊ ಪಿಟೀಲಿನ ಕುಲಕ್ಕೇ ಸೇರಿದ ವಾದ್ಯ. ಗಾತ್ರದಲ್ಲಿ ಮಾತ್ರ ಅದಕ್ಕಿಂತ ಎಷ್ಟೋ ದೊಡ್ಡದು. ಅದನ್ನು ಭುಜಕ್ಕೇರಿಸಲಾಗದು. ವಾದಕನು ಕುರ್ಚಿಯ ಮೇಲೆ ಕುಳಿತು, ಅದನ್ನು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು, ಕಮಾನನ್ನು ಅಡ್ಡಲಾಗಿ ಎಳೆಯಬೇಕು. ತಂತಿಗಳು ನಾಲ್ಕು. ವೀಣೆಯಲ್ಲಿರುವಂತೆ ಮೆಟ್ಟಿಲುಗಳಿಲ್ಲ, ಸ್ವರಸ್ಥಾನವನ್ನು ಬೆರಳು ತಾನೇ ಅರಸಿಕೊಳ್ಳಬೇಕು. ತಂತಿಯ ಉದ್ದ ಪಿಟೀಲಿನ ತಂತಿಯ ಎರಡರಷ್ಟಿರುವುದರಿಂದ, ಅಲ್ಲಿ ಬೆರಳಿನ ತುದಿಯನ್ನು ಸರಿಸಿದರೆ ಸಾಕಾಗುವೆಡೆ ಇಲ್ಲಿ ಕೈಯೇ ಪ್ರಯಾಣ ಮಾಡಬೇಕಾಗುತ್ತದೆ. ಆ ಪ್ರಯಾಣದಲ್ಲಿ ಕೂದಲೆಳೆಯಷ್ಟು ಹೆಚ್ಚು ಕಡಿಮೆಯಾದರೂ ಅಪಸ್ವರ. ಇಷ್ಟು ಕಷ್ಟದ ವಾದ್ಯದ ನಾದವಾದರೋ ಗಂಭೀರವಾದ ಗಂಡು ಕಂಠಕ್ಕೆ ಬಲು ಹತ್ತಿರವಾದುದು. ಕೇಳುವವನ ಎದೆಗೆ ನೇರವಾಗಿ ತಾಗುವಂಥದು.

ಆ ಕಾಲದಲ್ಲಿ ಚೆಲ್ಲೊ ಕಲಿಯಲು ಬುಡಾಪೆಸ್ಟಿಗಿಂತ ಉತ್ತಮವಾದ ಊರು ಯೂರೋಪಿನಲ್ಲಿ ದುರ್ಲಭವಾಗಿತ್ತು. ಅಲ್ಲಿನ ಫ್ರಾಂಟ್ಸ್ ಲಿಸ್ಟ್ ಸಂಗೀತ ಅಕಾಡೆಮಿಯಲ್ಲಿ 1886ರಿಂದ ಡೇವಿಡ್ ಪಾಪ್ಪರ್ ಎಂಬ ಮಹಾವಾದಕನು ಪಾಠ ಹೇಳಿದ್ದನು. ಆತ ಬರೆದಿಟ್ಟ ನಲವತ್ತು ಸಾಧನೆಯ ಪಾಠಗಳನ್ನು ಇಂದಿಗೂ ಪ್ರಪಂಚದ ಎಲ್ಲ ಚೆಲ್ಲೊ ವಿದ್ಯಾರ್ಥಿಗಳೂ ಅಭ್ಯಾಸ ಮಾಡುತ್ತಾರೆ, ಮನಸ್ಸಿನಲ್ಲಿ ಶಪಿಸುತ್ತಲೂ ಇರುತ್ತಾರೆ. ಪಾಪ್ಪರ್ 1913ರಲ್ಲಿ ತೀರಿಕೊಂಡ ಮೇಲೆ ಆತನ ಶಿಷ್ಯ ಅಡಾಲ್ಫ್ ಶಿಫರ್ ಆ ಪರಂಪರೆಯನ್ನು ಮುಂದುವರಿಸಿದನು. ಏಳು ವರ್ಷದ ಯಾನೋಶ್ ಅಕಾಡೆಮಿಯನ್ನು ಪ್ರವೇಶಿಸಿ ಈ ಶಿಫರನ ಕೈಕೆಳಗೆ ಪಳಗಿದನು.

ಅಕಾಡೆಮಿಯ ಪಡಸಾಲೆಗಳಲ್ಲಿ ಆಗ ಓಡಾಡುತ್ತಿದ್ದವರು ಸಾಮಾನ್ಯರಲ್ಲ. ಬೇಲ ಬಾರ್ಟೋಕ್, ಜೋಲ್ಟಾನ್ ಕೊದಾಯ್, ಎರ್ನೋ ದೊಹ್ನಾನಿ ಎಲ್ಲರೂ ಅಲ್ಲಿದ್ದರು. ಇಷ್ಟು ದೊಡ್ಡ ಹೆಸರುಗಳ ನಡುವೆ ಹೊರಗಿನವರು ಅಷ್ಟಾಗಿ ಕೇಳರಿಯದ ಇನ್ನೊಂದು ಹೆಸರು ಲಿಯೋ ವೇಯ್ನರ್ ಎಂಬ ಅಧ್ಯಾಪಕನದು. ಮೂವರು ನಾಲ್ವರು ಒಟ್ಟಿಗೆ ಕುಳಿತು ನುಡಿಸುವ ಮೇಳಸಂಗೀತವನ್ನು ಆತ ಕಲಿಸುತ್ತಿದ್ದನು. ಮತ್ತೊಬ್ಬರು ನುಡಿಸುವುದನ್ನು ಕೇಳಿಸಿಕೊಂಡು ತಾನು ನುಡಿಸುವುದೆಂದರೇನು, ಒಂದು ಸ್ವರ ಮುಂದಿನ ಸ್ವರದ ಕಡೆಗೆ ಹೇಗೆ ನಡೆಯುತ್ತದೆ ಎಂಬುದನ್ನು ಆ ಪೀಳಿಗೆಯ ಹಂಗೇರಿಯ ಸಂಗೀತಗಾರರೆಲ್ಲರೂ ಕಲಿತದ್ದು ವೇಯ್ನರನಿಂದಲೇ. ಸ್ಟಾರ್ಕರ್ ಕೊನೆಯವರೆಗೂ ಆ ಋಣವನ್ನು ಸ್ಮರಿಸುತ್ತಿದ್ದನು.

ಹುಡುಗನ ಪ್ರಗತಿ ಹುಬ್ಬೇರಿಸುವಂತಿತ್ತು. ಎಂಟನೆಯ ವಯಸ್ಸಿನಲ್ಲಿಯೇ ಅವನಿಗೆ ಮೊದಲ ಶಿಷ್ಯ ದೊರೆತನು! ಲೆಕ್ಕ ಸರಿಯಾಗಿ ಬರದ ಮಕ್ಕಳಿಗೆ ಪಕ್ಕದ ಮನೆಯ ಹುಡುಗ ಹೇಳಿಕೊಟ್ಟಂತೆ ಅವನು ತನಗಿಂತ ಕಿರಿಯರಿಗೆ ಪಾಠ ಹೇಳತೊಡಗಿದನು. ಹನ್ನೊಂದನೆಯ ವಯಸ್ಸಿಗೆ ಅಕಾಡೆಮಿಯ ವೇದಿಕೆಯ ಮೇಲೆ ಒಂಟಿಯಾಗಿ ಕುಳಿತು ನುಡಿಸಿದನು. ಹದಿನಾಲ್ಕರಲ್ಲಿ, ಡ್ವೊರ್ಝಾಕನ ಪ್ರಸಿದ್ಧ ಚೆಲ್ಲೊ ಕನ್ಚೆರ್ಟೋವನ್ನು ನುಡಿಸಬೇಕಾಗಿದ್ದ ವಾದಕನು ಬರಲಾಗದೆ ಹೋದಾಗ, ಕೆಲವೇ ಗಂಟೆಗಳ ಮುನ್ಸೂಚನೆಯ ಮೇಲೆ ಆ ಸ್ಥಾನದಲ್ಲಿ ಕುಳಿತು ನುಡಿಸಿಬಿಟ್ಟನು. ಸುಮಾರು ನಲವತ್ತು ನಿಮಿಷಗಳ ಕೃತಿ. ಹಿಂದೆ ಪೂರ್ಣ ವಾದ್ಯವೃಂದ. ಹೆದರಿಕೆ ಎಂಬುದೇ ಇರಲಿಲ್ಲ. ಹೆದರಬೇಕಾದದ್ದೇನೆಂದು ತಿಳಿದಿದ್ದರಲ್ಲವೇ ಹೆದರುವುದು?

ಹದಿನೈದನೆಯ ವಯಸ್ಸಿನಲ್ಲಿ ನಡೆದುದು ಇನ್ನೂ ಸ್ವಾರಸ್ಯವಾದುದು. ಕೊದಾಯ್ 1915ರಲ್ಲಿ ಒಂಟಿ ಚೆಲ್ಲೊಗಾಗಿ ಒಂದು ಸೊನಾಟವನ್ನು ರಚಿಸಿದ್ದನು. ಪಕ್ಕವಾದ್ಯವಿಲ್ಲ, ಸುಮಾರು ಅರ್ಧ ಗಂಟೆಯ ಕೃತಿ. ಸಾಲದೆಂಬಂತೆ, ಕೆಳಗಿನ ಎರಡು ತಂತಿಗಳನ್ನು ಅರ್ಧ ಸ್ವರದಷ್ಟು ಇಳಿಸಿಕೊಂಡೇ ನುಡಿಸಬೇಕು. ಹತ್ತು ವರ್ಷ ಸಾಧನೆ ಮಾಡಿ ಬೆರಳು ಕಲಿತುಕೊಂಡ ದಾರಿಯೇ ಆಗ ತಪ್ಪುತ್ತದೆ: ಕಣ್ಣು ಒಂದು ಸ್ವರವನ್ನು ಓದುತ್ತದೆ, ಕಿವಿಗೆ ಮತ್ತೊಂದು ಬೀಳುತ್ತದೆ. ಒಂದೇ ಚೆಲ್ಲೊ ಕೆಲವೆಡೆ ಹಳ್ಳಿಯ ಹಾಡುಗಾರನಾಗುತ್ತದೆ, ಕೆಲವೆಡೆ ಇಡೀ ವಾದ್ಯಮೇಳವಾಗುತ್ತದೆ. ನುಡಿಸಲು ಸಾಧ್ಯವೇ ಇಲ್ಲವೆಂದು ಅನೇಕರು ಕೈಬಿಟ್ಟ ಈ ಕೃತಿಯನ್ನು ಹುಡುಗನು ಅದರ ಕರ್ತೃವಿನ ಎದುರಿನಲ್ಲಿಯೇ ನುಡಿಸಿದನು. ಮಿತಭಾಷಿಯಾದ ಕೊದಾಯ್ ಎಲ್ಲವನ್ನೂ ಕೇಳಿ, ಮೊದಲ ಭಾಗ ಅತಿ ವೇಗವಾಯಿತೆಂದೂ, ಎರಡನೆಯದು ಸರಿಯಾಗಿದೆಯೆಂದೂ, ಮೂರನೆಯದರಲ್ಲಿ ತುಣುಕು ತುಣುಕುಗಳನ್ನು ಅಷ್ಟಾಗಿ ಬೇರೆ ಮಾಡಬಾರದೆಂದೂ ಹೇಳಿ, ಶುಭರಾತ್ರಿ ಕೋರಿ ಹೊರಟುಹೋದನು. ಭುಜ ತಟ್ಟಲಿಲ್ಲ, ಹೊಗಳಲಿಲ್ಲ. ಇಪ್ಪತ್ತೆಂಟು ವರ್ಷಗಳ ಮೇಲೆ ಈ ಸಂಭಾಷಣೆ ಮುಂದುವರಿಯಲಿತ್ತು.

ಆದರೆ ನಡುವೆ ಯುದ್ಧ ಬಂದಿತು. ಸ್ಟಾರ್ಕರನದು ಯೆಹೂದ್ಯ ಕುಟುಂಬ. 1938ರಿಂದಲೇ ಹಂಗೇರಿಯಲ್ಲಿ ಯೆಹೂದ್ಯರನ್ನು ಉದ್ಯೋಗಗಳಿಂದ ದೂರವಿಡುವ ಕಾನೂನುಗಳು ಒಂದರ ಮೇಲೊಂದರಂತೆ ಬಂದಿದ್ದವು. 1944ರ ಮಾರ್ಚ್ ತಿಂಗಳಿನಲ್ಲಿ ಜರ್ಮನ್ ಸೇನೆ ಒಳನುಗ್ಗಿತು. ಆ ಬೇಸಗೆಯಲ್ಲಿ ಎರಡು ತಿಂಗಳು ತುಂಬುವುದರೊಳಗಾಗಿ ನಾಲ್ಕು ಲಕ್ಷಕ್ಕೂ ಮೇಲ್ಪಟ್ಟು ಜನರನ್ನು ರೈಲು ಡಬ್ಬಿಗಳಲ್ಲಿ ತುಂಬಿ ದೇಶದಾಚೆಗೆ ಸಾಗಿಸಲಾಯಿತು. ಅವರಲ್ಲಿ ಬಹುಪಾಲು ಮಂದಿಯನ್ನು ಆಶ್ವಿಟ್ಸಿನಲ್ಲಿ ಕೊಂದರು. ಇಪ್ಪತ್ತು ವರ್ಷದ ಯಾನೋಶ್ ಮೂರು ತಿಂಗಳು ಬಂಧನ ಶಿಬಿರದಲ್ಲಿ ಕಳೆದನು. ಅವನು ಬದುಕಿ ಬಂದನು, ತಂದೆತಾಯಿಗಳೂ ಉಳಿದರು. ಪಿಟೀಲು ನುಡಿಸುತ್ತಿದ್ದ ಅಣ್ಣಂದಿರಿಬ್ಬರೂ ಮರಳಲಿಲ್ಲ.

ಈ ವಿಷಯವನ್ನು ಕುರಿತು ಅವನು ಮುಂದೆ ಬಹಳ ಮಾತನಾಡಿದವನಲ್ಲ. ವೇದಿಕೆಯ ಮೇಲೆ ಆ ಮುಖದಲ್ಲಿ ಒಂದು ಗೆರೆಯೂ ಕದಲದಿರುವುದನ್ನು ಕಂಡು ಆಕ್ಷೇಪಿಸಿದವರು ಇದನ್ನೂ ಒಮ್ಮೆ ನೆನೆದಿದ್ದರೆ ಚೆನ್ನಾಗಿತ್ತು.

ಯುದ್ಧ ಮುಗಿದೊಡನೆ ಅವನು ಬುಡಾಪೆಸ್ಟಿನ ಸಂಗೀತನಾಟಕ ಮಂದಿರದಲ್ಲಿಯೂ ಅಲ್ಲಿನ ಫಿಲ್‌ಹಾರ್ಮೋನಿಕ್ ವಾದ್ಯವೃಂದದಲ್ಲಿಯೂ ಪ್ರಧಾನ ಚೆಲ್ಲೊವಾದಕನಾದನು. ಒಂದು ವರ್ಷದಲ್ಲಿಯೇ, 1946ರಲ್ಲಿ, ದೇಶವನ್ನು ಬಿಟ್ಟು ವಿಯೆನ್ನಾಕ್ಕೆ ಹೊರಟನು. ಅಲ್ಲಿಯ ಕಚೇರಿ ಯಶಸ್ವಿಯಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಜಿನೀವಾದ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಅವನಿಗೆ ದೊರೆತುದು ಕಂಚಿನ ಪದಕ. ಬಾಲ್ಯದಿಂದಲೂ ಮೊದಲಿಗನೆನಿಸಿಕೊಂಡು ಬೆಳೆದವನಿಗೆ ಅದು ಪದಕವೆಂದು ತೋರಿರಲಾರದು.

ಅವನ ಬದುಕಿನ ನಿಜವಾದ ಪರೀಕ್ಷೆ ನಡೆದುದು ಈ ದಿನಗಳಲ್ಲಿ. ಹೊರಗಿನವರಾರಿಗೂ ಅದು ಕಾಣಿಸಲಿಲ್ಲ. ಅಲ್ಲಿಯವರೆಗೆ ಅವನು ನಿದ್ರೆಯಲ್ಲಿ ನಡೆಯುವವನಂತೆ ನುಡಿಸುತ್ತಿದ್ದನು. ಕಮಾನು ಎತ್ತಿದರೆ ನಾದ ಬರುತ್ತಿತ್ತು, ಬೆರಳು ಇಟ್ಟಲ್ಲಿ ಸ್ವರ ನಿಲ್ಲುತ್ತಿತ್ತು. ಈಗ ಒಮ್ಮೆಲೆ ಎಚ್ಚರವಾಯಿತು. ಹಾಡುವ ಹಕ್ಕಿಗೆ ತಾನು ಹೇಗೆ ಹಾಡುತ್ತೇನೆಂಬುದು ತಿಳಿಯದು. ಬಾಲಪ್ರತಿಭೆಗಳ ಪಾಡೂ ಅದೇ. ಒಂದು ದಿನ ಎಚ್ಚೆತ್ತು, ‘ಇದನ್ನು ನಾನು ಮಾಡುತ್ತಿರುವುದು ಹೇಗೆ?’ ಎಂಬ ಅಪಾಯದ ಪ್ರಶ್ನೆಯನ್ನು ಕೇಳಿಕೊಂಡಾಗ ಉತ್ತರವೇ ಇರುವುದಿಲ್ಲ ಎಂಬ ಅರ್ಥದಲ್ಲಿ ಅವನೇ ನಂತರ ಹೇಳಿಕೊಂಡಿದ್ದಾನೆ. ಮನಸ್ಸು ಮುರಿದುಬೀಳುವ ಅಂಚಿಗೆ ಬಂದಿತ್ತಂತೆ.

ಮೆಟ್ಟಿಲಿಳಿಯುವಾಗ ಪ್ರತಿ ಹೆಜ್ಜೆಯನ್ನೂ ಗಮನಿಸತೊಡಗಿದರೆ ಕಾಲು ತಡವರಿಸುತ್ತದೆ. ಅದು ಯಾರಿಗಾದರೂ ಅನುಭವವಿದ್ದೀತು. ಅರ್ಧ ಗಂಟೆಯ ಕಾಲ ಸಾವಿರಾರು ಸ್ವರಗಳನ್ನು ಜನರೆದುರಿಗೆ ನುಡಿಸುವವನಿಗೆ ಈ ತಡವರಿಕೆ ಬಂದರೆ ಏನಾದೀತು? ಹತ್ತನೆಯ ವಯಸ್ಸಿನಲ್ಲಿ ಪತ್ರಿಕೆಗಳಲ್ಲಿ ಚಿತ್ರ ಬಂದು, ಇಪ್ಪತ್ತೈದಕ್ಕೆ ಹೇಳಹೆಸರಿಲ್ಲದೆ ಹೋದ ಅದ್ಭುತ ಬಾಲಕರ ಕಥೆ ಎಲ್ಲ ದೇಶಗಳಲ್ಲಿಯೂ ಇದೆ. ಅವರಲ್ಲಿ ಎಷ್ಟು ಮಂದಿ ಸೋಮಾರಿತನದಿಂದ ಕೆಟ್ಟರೋ, ಎಷ್ಟು ಮಂದಿ ಈ ಪ್ರಶ್ನೆಗೆ ಸಿಕ್ಕಿ ಕೆಟ್ಟರೋ ಯಾರು ಬಲ್ಲರು? ಮಕ್ಕಳನ್ನು ವೇದಿಕೆಗೇರಿಸಲು ಆತುರಪಡುವ ತಂದೆತಾಯಿಗಳು ಆ ಮಗು ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಏನಾದೀತೆಂದು ಯೋಚಿಸುವುದು ಅಪರೂಪ.

ಸ್ಟಾರ್ಕರನು ಪ್ಯಾರಿಸಿಗೆ ಬಂದು ಉತ್ತರವನ್ನು ಹುಡುಕಲು ಕುಳಿತನು. ಪ್ರತಿಭೆಯೆಂಬ ಮಾತನ್ನು ಬದಿಗಿಟ್ಟು, ಚೆಲ್ಲೊ ನುಡಿಸುವುದನ್ನು ಒಂದು ಕೆಲಸವೆಂಬಂತೆ ಬಿಚ್ಚಿ ನೋಡಿದನು. ಬಲಗೈಯ ಬಲ ಎಲ್ಲಿಂದ ಬರುತ್ತದೆ? ಬೆರಳಿನಿಂದಲ್ಲ, ಮಣಿಕಟ್ಟಿನಿಂದಲ್ಲ, ಬೆನ್ನಿನಿಂದ ಹೊರಟು, ಭುಜವನ್ನು ಹಾದು, ತೋಳಿನುದ್ದಕ್ಕೂ ಹರಿದು ಕಮಾನಿಗೆ ತಲಪುತ್ತದೆ. ನಡುವೆ ಎಲ್ಲಿಯಾದರೂ ಸ್ನಾಯು ಬಿಗಿಹಿಡಿದರೆ ನಾದವೂ ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಎಡಗೈ ಒಂದು ಸ್ವರದಿಂದ ದೂರದ ಇನ್ನೊಂದು ಸ್ವರಕ್ಕೆ ನೆಗೆಯುವುದು ಹೇಗೆ? ನೆಗೆತ ಬೆರಳಿನಲ್ಲಿ ಆರಂಭವಾಗುವುದಿಲ್ಲ. ತೋಳು ಮುಂಚೆಯೇ ಹೊರಟಿರಬೇಕು. ಉಸಿರಾಟ ಎಲ್ಲಿ? ಗಾಯಕನು ವಾಕ್ಯದ ನಡುವೆ ಉಸಿರು ಹಿಡಿದು ಕುಳಿತರೆ ಹಾಡಲಾರನು. ವಾದಕನು ಹಿಡಿದು ಕುಳಿತರೂ ನುಡಿಸಬಲ್ಲನು, ಆದರೆ ಆ ಬಿಗಿತ ತಂತಿಯಲ್ಲಿ ಕೇಳಿಸುತ್ತದೆ. ಹೀಗೆ ಒಂದೊಂದನ್ನೂ ಪ್ರಶ್ನಿಸಿ, ಉತ್ತರ ಕಂಡುಕೊಂಡು, ಮತ್ತೆ ಕೈಗೆ ಕಲಿಸಿದನು. ಏಳನೆಯ ವಯಸ್ಸಿನಲ್ಲಿ ತಾನಾಗಿ ಬಂದುದನ್ನು ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಅವನು ದುಡಿದು ಸಂಪಾದಿಸಬೇಕಾಯಿತು.

ಸಂಪಾದನೆಯ ಫಲ ಕಾಣಲು ಬಹುಕಾಲ ಬೇಕಾಗಲಿಲ್ಲ. ಪ್ಯಾರಿಸಿನಲ್ಲಿ ಅವನು ಕೊದಾಯನ ಅದೇ ಸೊನಾಟವನ್ನು ಧ್ವನಿಮುದ್ರಿಸಿದನು. ಆ ಮುದ್ರಿಕೆಗೆ ಫ್ರಾನ್ಸಿನ ‘ಗ್ರಾಂ ಪ್ರಿ ದ್ಯು ದಿಸ್ಕ್’ ಪ್ರಶಸ್ತಿ ಬಂದಿತು.

1948ರಲ್ಲಿ ಅಮೆರಿಕಕ್ಕೆ ವಲಸೆ ಹೋದನು. ಡಲ್ಲಾಸ್ ನಗರದ ವಾದ್ಯವೃಂದದ ನಿರ್ದೇಶಕ ಅಂತಾಲ್ ದೊರಾತಿ ತಾನೂ ಬುಡಾಪೆಸ್ಟ್ ಅಕಾಡೆಮಿಯವನೇ. ಅವನು ಕರೆದು ಪ್ರಧಾನ ಚೆಲ್ಲೊವಾದಕನ ಆಸನವನ್ನು ಕೊಟ್ಟನು. ಮರುವರ್ಷ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾ. ಅಲ್ಲಿನ ನಿರ್ದೇಶಕ ಫ್ರಿಟ್ಸ್ ರೈನರನೂ ಬುಡಾಪೆಸ್ಟಿನವನು, ಕೋಪಿಷ್ಠನೆಂದು ಹೆಸರಾದವನು. 1953ರಲ್ಲಿ ರೈನರ್ ಶಿಕಾಗೋ ವಾದ್ಯವೃಂದಕ್ಕೆ ಹೋದಾಗ ಸ್ಟಾರ್ಕರನನ್ನೂ ಜೊತೆಗೆ ಕರೆದುಕೊಂಡು ಹೋದನು. ಒಟ್ಟಿನಲ್ಲಿ ಹತ್ತು ವರ್ಷ ಅವನು ಮತ್ತೊಬ್ಬನ ಕೋಲಿನ ಸನ್ನೆಗೆ ಕಾದು ನುಡಿಸಿದನು. ಒಂಟಿ ವಾದಕನಾಗಿ ಮೆರೆಯಬೇಕಾದವನು ಗುಂಪಿನಲ್ಲೊಬ್ಬನಾಗುವುದನ್ನು ಲೋಕ ಹಿನ್ನಡೆಯೆಂದೇ ಎಣಿಸುತ್ತದೆ. ಅವನಿಗಾದರೋ ಅದು ಮತ್ತೊಂದು ಗುರುಕುಲ. ಮೈ ದಣಿದ ದಿನವೂ, ಮನಸ್ಸಿಲ್ಲದ ದಿನವೂ, ನಿನ್ನೆಯಷ್ಟೇ ಚೆನ್ನಾಗಿ ನುಡಿಸಲೇಬೇಕೆಂಬ ಶಿಸ್ತು ಬೇರೆಲ್ಲಿ ಸಿಗಬೇಕು? ಸ್ಫೂರ್ತಿ ಬಂದಾಗ ಮಾತ್ರ ನುಡಿಸುವವನನ್ನು ಅವನು ವೃತ್ತಿನಿರತನೆಂದೇ ಒಪ್ಪುತ್ತಿರಲಿಲ್ಲ.

1958ರಲ್ಲಿ ಇಂಡಿಯಾನಾ ವಿಶ್ವವಿದ್ಯಾನಿಲಯದ ಕರೆ ಬಂದಿತು. ಬ್ಲೂಮಿಂಗ್ಟನ್ ಎಂಬ ಸಣ್ಣ ಊರು, ಸುತ್ತ ಹೊಲಗದ್ದೆ. ಅಲ್ಲಿ ವಿಲ್ಫ್ರೆಡ್ ಬೇಯ್ನ್ ಎಂಬ ಮುಖ್ಯಸ್ಥನು ಜಗತ್ತಿನ ದೊಡ್ಡ ದೊಡ್ಡ ವಿದ್ವಾಂಸರನ್ನು ಒಬ್ಬೊಬ್ಬರಾಗಿ ಕರೆತಂದು ಸಂಗೀತಶಾಲೆಯನ್ನು ಕಟ್ಟುತ್ತಿದ್ದನು. ಸ್ಟಾರ್ಕರ್ ಅಲ್ಲಿ ನೆಲೆಸಿ, ಅರ್ಧ ಕಾಲ ಪಾಠ, ಅರ್ಧ ಕಾಲ ಲೋಕಸಂಚಾರವೆಂದು ಬದುಕನ್ನು ಹಂಚಿಕೊಂಡನು. ಒಂಟಿ ವಾದನದ ಜೀವನ ಮತ್ತೆ ಆರಂಭವಾಯಿತು. ತಾನು ಕಂಡುಕೊಂಡ ಎಡಗೈಯ ಸೂತ್ರಗಳನ್ನು 1961ರಲ್ಲಿ ಪುಸ್ತಕವಾಗಿ ಪ್ರಕಟಿಸಿದನು. ಜೀವಮಾನದಲ್ಲಿ ಮಾಡಿದ ಧ್ವನಿಮುದ್ರಿಕೆಗಳು ನೂರೈವತ್ತಕ್ಕೂ ಹೆಚ್ಚು. ಬಾಖನ ಒಂಟಿ ಚೆಲ್ಲೊ ಕೃತಿಗಳನ್ನು ಮತ್ತೆ ಮತ್ತೆ ಮುದ್ರಿಸಿದನು. ಅದರ ಕೊನೆಯ ಆವೃತ್ತಿಗೆ, ತನ್ನ ಎಪ್ಪತ್ತಮೂರನೆಯ ವಯಸ್ಸಿನಲ್ಲಿ, 1998ರ ಗ್ರ್ಯಾಮಿ ಪ್ರಶಸ್ತಿಯನ್ನು ಪಡೆದನು. 1950ರಿಂದ ಸ್ಟ್ರಾಡಿವಾರಿಯ ಒಂದು ಹಳೆಯ ಚೆಲ್ಲೊವನ್ನು ನುಡಿಸುತ್ತಿದ್ದವನು 1965ರಲ್ಲಿ ವೆನಿಸಿನ ಮತ್ತೇಯೊ ಗೊಫ್ರಿಲ್ಲರನು 1705ರಲ್ಲಿ ಮಾಡಿದ ವಾದ್ಯವನ್ನು ಕೊಂಡುಕೊಂಡು, ಕೊನೆಯವರೆಗೆ ಅದನ್ನೇ ಹಿಡಿದನು.

ವೇದಿಕೆಯ ಮೇಲೆ ಅವನದು ಕಲ್ಲಿನ ವಿಗ್ರಹದ ಭಂಗಿ. ತಲೆ ತೂಗುವುದಿಲ್ಲ, ಕಣ್ಣು ಮುಚ್ಚುವುದಿಲ್ಲ, ಮೈ ಓಲಾಡುವುದಿಲ್ಲ. ಕಣ್ಣೀರಿಡುವಂತೆ ಮುಖ ಮಾಡಿಕೊಂಡು ನುಡಿಸುವವರನ್ನು ನೋಡಿ ಅಭ್ಯಾಸವಾದ ವಿಮರ್ಶಕರು ಇವನನ್ನು ‘ತಣ್ಣಗಿನವನು’ ಎಂದರು. ಉದ್ವೇಗಗೊಳ್ಳಬೇಕಾದವನು ಕೇಳುಗನೇ ಹೊರತು ವಾದಕನಲ್ಲ ಎಂಬುದು ಇವನ ವಾದ. ಯಾರ ಮಾತು ನಿಜವೆಂಬುದನ್ನು ತಿಳಿಯಲು ಒಂದು ಸುಲಭೋಪಾಯವಿದೆ. ಬಾರ್ಟೋಕನ ಮಗ ಪೀಟರ್ 1950ರಲ್ಲಿ ನ್ಯೂಯಾರ್ಕಿನಲ್ಲಿ ಮುದ್ರಿಸಿಕೊಂಡ, ಸ್ಟಾರ್ಕರ್ ನುಡಿಸಿದ ಕೊದಾಯ್ ಸೊನಾಟವನ್ನು ಕೇಳಿದರಾಯಿತು. ಮೂರನೆಯ ಭಾಗ ಬರುವ ಹೊತ್ತಿಗೆ ತಣ್ಣಗಿರುವುದು ಕೇಳುವವನಿಗೇ ಕಷ್ಟ.

ವೇದಿಕೆಯಿಂದಿಳಿದ ಮೇಲೆ ಅವನು ತಣ್ಣಗಿರುತ್ತಿದ್ದನೆಂದು ಮಾತ್ರ ಯಾರೂ ಹೇಳಲಾರರು. ಮಾತು ಚೂರಿಯಂತೆ ಹರಿತ, ವಿದ್ಯಾರ್ಥಿಗಳು ನಡುಗುತ್ತಿದ್ದರು. ವ್ಹಿಸ್ಕಿ ಪ್ರಿಯ. ಸಿಗರೇಟಂತೂ ಕೈಬಿಡದು. ದಕ್ಷಿಣ ಕ್ಯಾರೊಲಿನಾದಲ್ಲಿ ಒಮ್ಮೆ ವೇದಿಕೆಯ ಹಿಂದೆ ಸೇದಬಾರದೆಂದು ಹೇಳಿದ್ದಕ್ಕೆ ಎಲ್ಗಾರನ ಕನ್ಚೆರ್ಟೋವನ್ನು ನುಡಿಸದೆಯೇ ಹೊರಟುಹೋದನು. ಟಿಕೆಟು ಕೊಂಡು ಬಂದಿದ್ದವರಿಗೆ ಇದು ಸರಿಯೆನಿಸಿರಲಾರದು. ಶಿಸ್ತನ್ನು ಅಷ್ಟು ಬೋಧಿಸಿದವನಿಗೆ ಇದು ಶೋಭೆಯೂ ಅಲ್ಲ. ದೊಡ್ಡವರೆಂದ ಮಾತ್ರಕ್ಕೆ ಎಲ್ಲವನ್ನೂ ಮೆಚ್ಚಬೇಕಾದುದಿಲ್ಲ.

ಕೊದಾಯ್ 1967ರ ಮಾರ್ಚ್ 6ರಂದು ನಿಧನನಾದನು. ಅದಕ್ಕೆ ಸ್ವಲ್ಪ ಮುನ್ನ ಸ್ಟಾರ್ಕರ್ ಮತ್ತೊಮ್ಮೆ ಆ ಸೊನಾಟವನ್ನು ಆತನಿಗೆ ನುಡಿಸಿ ತೋರಿಸಿದ್ದನು. ಹದಿನೈದರ ಹುಡುಗನಿಗೆ ಈಗ ನಲವತ್ತು ದಾಟಿತ್ತು. ವೃದ್ಧನು ಈ ಸಲವೂ ತಪ್ಪು ಹುಡುಕುವುದನ್ನು ಬಿಡಲಿಲ್ಲ: ಮೂರನೆಯ ಭಾಗದಲ್ಲಿ ಒಂದೆಡೆ ಗತಿಯನ್ನು ನಿಧಾನಿಸುವುದನ್ನು ತಿದ್ದಿಕೊಂಡರೆ, ಈ ವಾದನ ಆ ಕೃತಿಗೆ ಬೈಬಲಿನಂತಾದೀತು ಎಂದನು.

ಅಲ್ಲಿಂದ ಮುಂದೆ ನಲವತ್ತಾರು ವರ್ಷ ಬ್ಲೂಮಿಂಗ್ಟನ್ನಿನ ಆ ಪಾಠದ ಕೋಣೆ ನಡೆಯಿತು. ಜಪಾನ್, ಜರ್ಮನಿ, ಕೆನಡಾ ಮೊದಲಾದ ದೇಶಗಳಿಂದ ಹುಡುಗ ಹುಡುಗಿಯರು ಬಂದರು. ಬಂದವರಲ್ಲಿ ಬಹುಮಂದಿ ತಮ್ಮ ತಮ್ಮ ಊರುಗಳಲ್ಲಿ ಅದ್ಭುತ ಬಾಲಕರೆನಿಸಿಕೊಂಡವರೇ. ಹೇಗೆ ನುಡಿಸುತ್ತಿರುವೆನೆಂಬುದನ್ನು ತಿಳಿದು ನುಡಿಸಬೇಕೆಂಬುದೇ ಅವರಿಗೆಲ್ಲ ಅಲ್ಲಿ ಮೊದಲ ಪಾಠ. ತನ್ನನ್ನು ಎಲ್ಲಕ್ಕಿಂತ ಮೊದಲು ಶಿಕ್ಷಕನೆಂದೇ ಕರೆದುಕೊಳ್ಳುತ್ತಿದ್ದ ಸ್ಟಾರ್ಕರ್ 2013ರ ಏಪ್ರಿಲ್ 28ರಂದು, ತನ್ನ ಎಂಬತ್ತೆಂಟನೆಯ ವಯಸ್ಸಿನಲ್ಲಿ, ಅದೇ ಊರಿನಲ್ಲಿ ತೀರಿಕೊಂಡನು. ಮೊದಲ ವರ್ಷಗಳಲ್ಲಿಯೇ ಅವನಲ್ಲಿಗೆ ಬಂದ ಶಿಷ್ಯರಲ್ಲಿ ತ್ಸುಯೋಶಿ ತ್ಸುತ್ಸುಮಿ ಎಂಬ ಜಪಾನಿ ಯುವಕನೊಬ್ಬನಿದ್ದನು. ಆತನು 1963ರಲ್ಲಿ ಕಸಾಲ್ಸ್ ಹೆಸರಿನ ಅಂತರರಾಷ್ಟ್ರೀಯ ಚೆಲ್ಲೊ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಗೆದ್ದನು. ಆ ವರ್ಷ ಸ್ಪರ್ಧೆ ನಡೆದ ಊರು ಬುಡಾಪೆಸ್ಟ್.